ಆಲ್ಪ್ಸ್ ಘಾಟಿಗಳಲ್ಲಿ ನಿಧಾನವಾಗಿ ಹನ್ನೊಂದು ರಾತ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು, ನನ್ನ ಹೆಂಡತಿ, ಎಪ್ಪತ್ತು ದಾಟಿದ ಅಮ್ಮ, ಮೂವರೂ ಒಂದು ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಆಲ್ಪ್ಸ್ ದಾಟಿ, ಇಟಲಿಯ ಉತ್ತರದ ತುದಿ ಸುತ್ತಿ, ಬೇರೆ ದಾರಿಯಲ್ಲಿ ವಾಪಸ್ ಬಂದೆವು. ಅವತ್ತಿನಿಂದ ನೆಂಟರು, ಆಫೀಸಿನವರು, ಪಕ್ಕದ ಫ್ಲಾಟಿನವರು ಕೇಳಿದ್ದನ್ನೇ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ಬರೆದು ಬೆರಳು ನೋಯಿತು. ಅದಕ್ಕೇ ಎಲ್ಲವೂ ಇಲ್ಲಿ ಒಂದೇ ಕಡೆ.

ಹೋಗಿದ್ದು ಯಾವ ದಾರಿಯಲ್ಲಿ?

ಮ್ಯೂನಿಕ್‌ನಿಂದ ಫ್ಯೂಸೆನ್. ಅಲ್ಲಿಂದ ಫರ್ನ್ ಘಾಟಿ ಹತ್ತಿ ಆಸ್ಟ್ರಿಯಾ. ಇಮ್ಸ್ಟ್, ಲಾಂಡೆಕ್ ದಾಟಿ ರೆಶೆನ್ ಘಾಟಿಯಲ್ಲಿ ಇಟಲಿಯೊಳಗೆ. ಗ್ಲುರ್ನ್ಸ್ ಎಂಬ ಪುಟ್ಟ ಕೋಟೆ ಊರು. ನಂತರ ಮೆರಾನ್ ಮೇಲೆ ಹಾದು ಬ್ರಿಕ್ಸೆನ್. ವಾಪಸ್ ಬರುವಾಗ ಬ್ರೆನ್ನರ್ ಘಾಟಿ, ಇನ್ಸ್‌ಬ್ರುಕ್ ಪಕ್ಕದ ಹಾಲ್, ಮತ್ತೆ ಮ್ಯೂನಿಕ್. ಫ್ಯೂಸೆನ್‌ನಲ್ಲಿ ಎರಡು ರಾತ್ರಿ, ಗ್ಲುರ್ನ್ಸ್‌ನಲ್ಲಿ ಮೂರು, ಬ್ರಿಕ್ಸೆನ್‌ನಲ್ಲಿ ನಾಲ್ಕು, ಹಾಲ್‌ನಲ್ಲಿ ಎರಡು. ಅಡ್ಡಾಡಿದ್ದೆಲ್ಲ ಸೇರಿ 900 ಕಿ.ಮೀ. ಆಸುಪಾಸು.

ಹೋಗುವ ದಾರಿ ನಾವು ಕಂಡುಹಿಡಿದದ್ದೇನಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಹಾಕಿದ ವಿಯಾ ಕ್ಲೌಡಿಯಾ ಆಗಸ್ಟಾ ಎಂಬ ರಸ್ತೆ ಇದೇ ಫರ್ನ್, ರೆಶೆನ್ ಘಾಟಿಗಳನ್ನು ಹತ್ತಿ ಇಳಿಯುತ್ತಿತ್ತು. ಈ ಊರುಗಳು ಇಲ್ಲಿ ಬೆಳೆದಿದ್ದಕ್ಕೂ ಅದೇ ಕಾರಣ. ಸರಕು ಹೊತ್ತ ಗಾಡಿಗಳು ಘಾಟಿ ಹತ್ತುವ ಮುಂಚೆ ಒಂದು ಕಡೆ ನಿಲ್ಲಬೇಕಿತ್ತು, ಇಳಿದ ಮೇಲೆ ಇನ್ನೊಂದು ಕಡೆ. ನಿಂತಲ್ಲಿ ಛತ್ರ, ಸಂತೆ, ಸುಂಕದ ಕಟ್ಟೆ, ಆಮೇಲೆ ಕೋಟೆ ಗೋಡೆ.

ಬರೀ 900 ಕಿ.ಮೀ.ಗೆ ಹನ್ನೊಂದು ರಾತ್ರಿನಾ?

ಎಲ್ಲರೂ ಇದನ್ನೇ ಕೇಳುತ್ತಾರೆ. ಬೆಂಗಳೂರಿನಿಂದ ಗೋವಾಗೆ ಒಂದೇ ದಿನ ಓಡಿಸುವವರಿಗೆ ಇದು ತಮಾಷೆ ಅನಿಸುತ್ತದೆ. ಆದರೆ ಹಳೇ ಊರುಗಳಿಗೆ ಎರಡು ಮುಖ ಇದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಲ್ಲಿ ಬಸ್ಸಿನಲ್ಲಿ ಬಂದವರದ್ದೇ ರಾಜ್ಯ. ಸಂಜೆ ಬಸ್ಸುಗಳು ಹೋದ ಮೇಲೆ ಅಂಗಡಿಯವನು ಕುರ್ಚಿ ಒಳಗಿಡುತ್ತಾನೆ, ಮಕ್ಕಳು ಚೌಕದಲ್ಲಿ ಸೈಕಲ್ ಹೊಡೆಯುತ್ತಾರೆ, ಚರ್ಚಿನ ಗಂಟೆ ಕಿವಿಗೆ ಸರಿಯಾಗಿ ಬೀಳುತ್ತದೆ. ನಿಮಗೆ ಬೇಕಾದ ಊರು ಅದು. ಮಧ್ಯಾಹ್ನ ಬಂದು ಫೋಟೋ ತೆಗೆದು ಹೊರಟವರಿಗೆ ಸಿಗುವುದಿಲ್ಲ.

ನಾವು ಇಟ್ಟುಕೊಂಡ ನಿಯಮ ಇಷ್ಟೇ. ಊರು ಬದಲಿಸುವ ದಿನ ಸ್ಟಿಯರಿಂಗ್ ಹಿಂದೆ ಮೂರು ಗಂಟೆಗಿಂತ ಜಾಸ್ತಿ ಇಲ್ಲ. ಒಂದೇ ರಾತ್ರಿಗೆ ಎಲ್ಲೂ ಪೆಟ್ಟಿಗೆ ಬಿಚ್ಚುವುದಿಲ್ಲ. ಮಳೆ ಬಂದರೆ ಆ ದಿನ ಸುಮ್ನೆ ಕೂರುವುದು.

ಸ್ವಿಸ್, ವೆನಿಸ್, ಪ್ಯಾರಿಸ್ ಎಲ್ಲ ಇದರಲ್ಲೇ ಸೇರಿಸಬಹುದಾ?

ಬೇಡ.

ಯಾವ ತಿಂಗಳು ಹೋಗಬೇಕು?

ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ. ಎತ್ತರದ ಘಾಟಿಗಳು ಇನ್ನೂ ತೆರೆದಿರುತ್ತವೆ. ಸೇಬು ಕೊಯ್ಲು ನಡೆಯುತ್ತಿರುತ್ತದೆ. ಬೇಸಿಗೆಯಿಡೀ ಮೇಲಿನ ಹುಲ್ಲುಗಾವಲಿನಲ್ಲಿದ್ದ ದನಗಳನ್ನು ಹೂವಿನ ಕಿರೀಟ ಕಟ್ಟಿ ಕೆಳಗೆ ಹೊಡೆದುಕೊಂಡು ಬರುವುದೂ ಇದೇ ಸಮಯಕ್ಕೆ. ನಮ್ಮ ಕಾರು ಒಂದು ಕಡೆ ಅಂಥ ಮೆರವಣಿಗೆಯ ಹಿಂದೆ ನಲವತ್ತು ನಿಮಿಷ ನಿಂತಿತ್ತು. ಅಮ್ಮನಿಗೆ ಇಡೀ ಪ್ರವಾಸದಲ್ಲಿ ಅತಿ ಇಷ್ಟವಾದ ಟ್ರಾಫಿಕ್ ಜಾಮ್ ಅದು. ಸಂಕ್ರಾಂತಿಗೆ ದನಕ್ಕೆ ಅಲಂಕಾರ ಮಾಡಿ ಬೆಳೆದವರು, ನೋಡಿ.

ಆಗಸ್ಟ್ ಮಾತ್ರ ಬೇಡವೇ ಬೇಡ. ಆಗಸ್ಟ್ 15 ಇಟಲಿಯಲ್ಲಿ ದೊಡ್ಡ ರಜೆ, ಅದರ ಹಿಂದೆ ಮುಂದೆ ಇಡೀ ದೇಶವೇ ರಸ್ತೆಯಲ್ಲಿರುತ್ತದೆ. ನವೆಂಬರ್ ಆದರೆ ಹಿಮ, ಜೊತೆಗೆ ಚಳಿಗಾಲದ ಟೈರಿನ ನಿಯಮ.

ಮೂರು ದೇಶ ಅಂದರೆ ಮೂರು ವೀಸಾನಾ?

ಒಂದೇ ಶೆಂಗೆನ್ ವೀಸಾ ಸಾಕು. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಅಲ್ಲಿಗೆ ಅರ್ಜಿ ಹಾಕಬೇಕು. ನಮಗೆ ಇಟಲಿಯಲ್ಲಿ ಏಳು ರಾತ್ರಿ, ಆದ್ದರಿಂದ ವಿಮಾನ ಜರ್ಮನಿಯಲ್ಲಿ ಇಳಿದರೂ ವೀಸಾ ಇಟಲಿಯದ್ದು. ರಾತ್ರಿಗಳು ಸಮ ಆದರೆ ಮಾತ್ರ ಮೊದಲು ಕಾಲಿಡುವ ದೇಶದ ಲೆಕ್ಕ. ದೊಡ್ಡವರಿಗೆ ಶುಲ್ಕ 90 ಯೂರೋ, ವೀಸಾ ಕೇಂದ್ರದವರ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಕೊಡುವ ವಿಮೆ ಕಡ್ಡಾಯ. ಆರು ತಿಂಗಳ ಮುಂಚೆಯಿಂದಲೇ ಅರ್ಜಿ ಹಾಕಬಹುದು. ಕೊನೆಯ ತಿಂಗಳವರೆಗೆ ಕಾದು ಗೋಳಾಡಬೇಡಿ.

2025ರ ಅಕ್ಟೋಬರಿನಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೋ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ಇಳಿದ ಕೂಡಲೇ ಕಾರು ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ, ಎರಡು ಗಂಟೆ ಕೈಯಲ್ಲಿಟ್ಟುಕೊಳ್ಳಿ.

ನಮ್ಮ ಡಿಎಲ್ ಅಲ್ಲಿ ನಡೆಯುತ್ತಾ?

ಡಿಎಲ್ ಜೊತೆಗೆ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಇರಲೇಬೇಕು. ನಿಮ್ಮ ಆರ್‌ಟಿಒದಲ್ಲೇ ಕೊಡುತ್ತಾರೆ, ಒಂದು ವರ್ಷ ನಡೆಯುತ್ತದೆ. ಎರಡನ್ನೂ ಕಾಗದದಲ್ಲಿ, ಕೈಯಲ್ಲಿ ಇಟ್ಟುಕೊಳ್ಳಿ. ಮೊಬೈಲಿನಲ್ಲಿರುವ ಡಿಎಲ್ ಅಲ್ಲಿ ಯಾರಿಗೂ ಬೇಕಿಲ್ಲ. ಕಾರು ಬುಕ್ ಮಾಡುವಾಗ ಆಸ್ಟ್ರಿಯಾ, ಇಟಲಿಗೆ ಒಯ್ಯುತ್ತೇವೆ ಅಂತ ಮೊದಲೇ ಹೇಳಿ, ಒಪ್ಪಂದದಲ್ಲಿ ಬರೆಸಿ. ಠೇವಣಿಗೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುವುದು ರೂಢಿ. ನಮ್ಮ ಮುಂದೆ ಸಾಲಿನಲ್ಲಿದ್ದ ದಂಪತಿ ಡೆಬಿಟ್ ಕಾರ್ಡ್ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದರು.

ಆಟೋಮ್ಯಾಟಿಕ್ ಕಾರು ಕೇಳಿ. ಎಡಗೈಯಲ್ಲಿ ಹಾಕಿ ಅಭ್ಯಾಸವಾದ ಗೇರನ್ನು ಬಲಗೈಯಲ್ಲಿ ಹಾಕುತ್ತಾ, ರಸ್ತೆಯ ಬಲಗಡೆ ಓಡಿಸುತ್ತಾ, ಘಾಟಿ ಹತ್ತುವುದು ರಜೆ ಅಲ್ಲ, ಪರೀಕ್ಷೆ.

ಬಲಗಡೆ ಓಡಿಸುವುದು ಕಷ್ಟವಾ?

ನೇರ ರಸ್ತೆಯಲ್ಲಿ ಅಲ್ಲ. ಕಷ್ಟ ಆಗುವುದು ಪೆಟ್ರೋಲ್ ಬಂಕಿನಿಂದ ಹೊರಗೆ ಬರುವಾಗ, ಖಾಲಿ ರಸ್ತೆಗೆ ತಿರುಗುವಾಗ. ಎದುರಿಗೆ ಗಾಡಿ ಇಲ್ಲದಿದ್ದರೆ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತ ನನ್ನ ಹೆಂಡತಿ ಪ್ರತಿ ತಿರುವಿನಲ್ಲೂ "ಬಲ, ಬಲ" ಅಂತ ಜಪ ಮಾಡುತ್ತಿದ್ದಳು. ಮೊದಲ ದಿನ ಸಿಟ್ಟು ಬಂತು, ಎರಡನೇ ದಿನ ಉಳಿಸಿತು.

ಇನ್ನೊಂದು ನೆನಪಿಡಿ. ಜರ್ಮನಿ, ಆಸ್ಟ್ರಿಯಾದ ಸಣ್ಣ ಊರುಗಳಲ್ಲಿ ಬೋರ್ಡು ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಅವರು ನಿಮ್ಮನ್ನು ನೋಡಿ ನಿಧಾನ ಮಾಡುವುದಿಲ್ಲ, ನೀವೇ ನಿಲ್ಲಬೇಕು.

ಸ್ಟೆಲ್ವಿಯೋ ಘಾಟಿ ಆಗುಂಬೆಗಿಂತ ಭಯಂಕರ ಅಂತಾರಲ್ಲ, ನಿಜವಾ?

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಸ್ಟೆಲ್ವಿಯೋದಲ್ಲಿ ಗ್ಲುರ್ನ್ಸ್ ಕಡೆಯಿಂದ ಹತ್ತಿದರೆ 48. ತುದಿ 2,757 ಮೀಟರ್ ಎತ್ತರದಲ್ಲಿದೆ. ರಸ್ತೆ ಕಟ್ಟಿದ್ದು 1820ರಿಂದ 1825ರ ನಡುವೆ, ಆಸ್ಟ್ರಿಯಾ ಸಾಮ್ರಾಜ್ಯದವರು, ಕಾರ್ಲೋ ದೊನೆಗಾನಿ ಎಂಬ ಎಂಜಿನಿಯರ್ ಕೈಯಲ್ಲಿ. ಎತ್ತರ ಹೆದರಿಸುತ್ತದೆ, ನಿಜ. ಆದರೆ ರಸ್ತೆ ನೋಡಿಕೊಂಡಿರುವ ರೀತಿ ಹೇಗಿದೆ ಅಂದರೆ, ಮಳೆಗಾಲದ ಚಾರ್ಮಾಡಿಯಲ್ಲಿ ಮಂಜಿನ ಮಧ್ಯೆ ಬಸ್ಸಿಗೆ ದಾರಿ ಬಿಟ್ಟವರಿಗೆ ಇದೇನೂ ದೊಡ್ಡದಲ್ಲ.

ಪ್ರತಿ ತಿರುವಿಗೂ ನಂಬರ್ ಕಲ್ಲು ಇದೆ. ಕೆಳಗೆ 48ರಿಂದ ಶುರು, ಮೇಲೆ ಹೋದಂತೆ ಇಳಿಯುತ್ತದೆ. ಹಿಂದಿನ ಸೀಟಿನಲ್ಲಿ ಅಮ್ಮ ಅಷ್ಟೋತ್ತರ ಎಣಿಸುವ ಹಾಗೆ ಎಣಿಸುತ್ತಿದ್ದರು. ತೊಂದರೆ ಕೊಡುವುದು ತಿರುವುಗಳಲ್ಲ, ಬೈಕುಗಳು. ತಿರುವಿನಲ್ಲೂ ಹಿಂದಿಕ್ಕುತ್ತವೆ. ಬೆಳಿಗ್ಗೆ ಎಂಟಕ್ಕೆ ಮುಂಚೆ ಹತ್ತಲು ಶುರು ಮಾಡಿ. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬರಬೇಡಿ, ಗೇರ್ ಇಳಿಸಿ. ಆಟೋಮ್ಯಾಟಿಕ್‌ನಲ್ಲೂ ಮ್ಯಾನುಯಲ್ ಮೋಡ್ ಇರುತ್ತದೆ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಬ್ರೇಕ್ ತಣ್ಣಗಾಗಲು ಬಿಡಿ. ಹಾರ್ನ್ ಅಂತೂ ನಮ್ಮ ಘಾಟಿಯ ಹಾಗೆ ತಿರುವಿಗೊಂದು ಹೊಡೆಯಬೇಡಿ, ವಿಚಿತ್ರವಾಗಿ ನೋಡುತ್ತಾರೆ. ನವೆಂಬರಿನಿಂದ ಮೇವರೆಗೆ ರಸ್ತೆ ಹಿಮದಿಂದ ಮುಚ್ಚಿರುತ್ತದೆ.

ಟೋಲ್ ಹೇಗೆ?

ಜರ್ಮನಿಯಲ್ಲಿ ಕಾರಿಗೆ ಇಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಬೇಕು, ಅಂದರೆ ಇಂತಿಷ್ಟು ದಿನಕ್ಕೆ ಅಂತ ಮೊದಲೇ ಕೊಳ್ಳುವ ರಸ್ತೆ ಪಾಸು. ಹತ್ತು ದಿನದ್ದಕ್ಕೆ 12-13 ಯೂರೋ. ಆನ್‌ಲೈನಲ್ಲಿ ಕಾರಿನ ನಂಬರ್ ಕೊಟ್ಟು ಕೊಂಡರೆ ಸ್ಟಿಕರ್ ಅಂಟಿಸುವ ಗೋಜಿಲ್ಲ. ಆಸ್ಟ್ರಿಯಾಕ್ಕೆ ಎರಡು ಸಲ ಕಾಲಿಡುತ್ತೀರಿ, ನಡುವೆ ಏಳು ದಿನ ಇಟಲಿ, ಹಾಗಾಗಿ ಮೊದಲ ವಿನ್ಯೆಟ್ ವಾಪಸ್ ಹೊರಡುವ ದಿನದವರೆಗೂ ಇರುತ್ತದಾ ಅಂತ ದಿನ ಎಣಿಸಿ ನೋಡಿ. ಬ್ರೆನ್ನರ್ ಹೆದ್ದಾರಿಗೆ ವಿನ್ಯೆಟ್ ಅಲ್ಲದೆ ಬೇರೆ ಟೋಲ್ ಇದೆ. ಇಟಲಿಯಲ್ಲಿ ಹೆದ್ದಾರಿಗೆ ಹೋಗುವಾಗ ಚೀಟಿ, ಹೊರಬರುವಾಗ ದುಡ್ಡು.

ಹಳೇ ಊರಿನೊಳಗೆ ಕಾರು ಒಯ್ಯಬಹುದಾ?

ಇಟಲಿಯ ಊರುಗಳಲ್ಲಿ ಇದರಷ್ಟು ಹುಷಾರಾಗಿರಬೇಕಾದ ವಿಷಯ ಇನ್ನೊಂದಿಲ್ಲ. ಹಳೇ ಊರಿನ ಬಾಯಲ್ಲಿ ಕೆಂಪು ವೃತ್ತದ ಬೋರ್ಡು, ಕೆಳಗೆ ಜೆಡ್‌ಟಿಎಲ್ ಎಂಬ ಅಕ್ಷರ. ಅನುಮತಿ ಇರುವವರಿಗಷ್ಟೇ ಪ್ರವೇಶ ಅಂತ ಅರ್ಥ. ಪೊಲೀಸರು ನಿಂತಿರುವುದಿಲ್ಲ, ಕ್ಯಾಮೆರಾ ಇರುತ್ತದೆ. ನಿಮ್ಮ ಹೋಟೆಲ್ ಒಳಗಡೆ ಇದ್ದರೆ ಕಾರಿನ ನಂಬರನ್ನು ಮೊದಲೇ ಅವರಿಗೆ ಕಳಿಸಿ, ಅವರು ದಾಖಲು ಮಾಡಿಸುತ್ತಾರೆ. ಇಲ್ಲದಿದ್ದರೆ ಗೋಡೆಯ ಹೊರಗಿನ ಪಾರ್ಕಿಂಗಿನಲ್ಲಿ ಬಿಟ್ಟು ನಡೆದು ಹೋಗಿ. ಇಡೀ ಊರನ್ನು ಕಾಲು ಗಂಟೆಯಲ್ಲಿ ದಾಟಬಹುದು, ಚಿಂತೆ ಯಾಕೆ?

ಕೆಲವು ಕಡೆ ಪಾರ್ಕಿಂಗ್ ಪುಕ್ಕಟೆ, ಆದರೆ ಗಂಟೆಯ ಮಿತಿ ಇರುತ್ತದೆ. ಕಾರಿನೊಳಗೆ ನೀಲಿ ರಟ್ಟಿನ ಗಡಿಯಾರವೊಂದು ಇಟ್ಟಿರುತ್ತಾರೆ. ಬಂದ ಸಮಯಕ್ಕೆ ಅದರ ಮುಳ್ಳು ತಿರುಗಿಸಿ ಗಾಜಿನ ಹಿಂದೆ ಕಾಣುವ ಹಾಗೆ ಇಡಬೇಕು. ನಾವು ಎರಡು ದಿನ ಅದನ್ನು ಮಕ್ಕಳ ಆಟಿಕೆ ಅಂದುಕೊಂಡಿದ್ದೆವು.

ಫ್ಯೂಸೆನ್ ಪಕ್ಕದ ನೋಯ್‌ಶ್ವಾನ್‌ಸ್ಟೈನ್ ಅರಮನೆ ನೋಡಲೇಬೇಕಾ?

ದೂರದಿಂದ, ಖಂಡಿತ. ಒಳಗೆ ಹೋಗಲೇಬೇಕು ಅಂತಿಲ್ಲ. ಮಧ್ಯಯುಗದ್ದು ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ. ಬವೇರಿಯಾದ ರಾಜ ಎರಡನೇ ಲುಡ್ವಿಗ್ 1869ರಲ್ಲಿ ಕಟ್ಟಿಸಲು ಶುರು ಮಾಡಿದ್ದು, ಹಳೇ ಕಾಲದ ಕೋಟೆ ಹೀಗಿದ್ದಿರಬೇಕು ಅಂತ ಕನಸು ಕಂಡು. 1886ರಲ್ಲಿ ಅವನು ಸತ್ತ ಕೆಲವೇ ವಾರಕ್ಕೆ ಟಿಕೆಟ್ ಇಟ್ಟು ಜನರಿಗೆ ತೆರೆದರು. ನಮ್ಮ ಈಗಿನ ಮೈಸೂರು ಅರಮನೆಗಿಂತ ಒಂದು ತಲೆಮಾರು ಹಳೆಯದು, ಅಷ್ಟೇ. 2025ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು, ಇನ್ನು ಟಿಕೆಟ್ ಮೊದಲೇ ತೆಗೆಯದೆ ಹೋಗುವ ಧೈರ್ಯ ಮಾಡಬೇಡಿ. ಫ್ಯೂಸೆನ್ ಊರು ಅದರ ನೆರಳಿನಲ್ಲಿ ಬಡಪಾಯಿ ಆಗಿದೆ. ಯುರೋಪಿನ ಮೊದಲ ಲ್ಯೂಟ್ ಎಂಬ ತಂತಿ ವಾದ್ಯ ತಯಾರಕರ ಸಂಘ 1562ರಲ್ಲಿ ಇಲ್ಲೇ ಆಗಿದ್ದು. ನಾವು ಒಂದು ಸಂಜೆ ಅಲ್ಲಿನ ಗಲ್ಲಿಗಳಲ್ಲಿ ತಿರುಗಿದೆವು, ಅರಮನೆಯ ಕ್ಯೂಗಿಂತ ಎಷ್ಟೋ ವಾಸಿ.

ನೀರಿನ ಮಧ್ಯೆ ನಿಂತ ಚರ್ಚ್ ಗೋಪುರದ ಫೋಟೋ ನಿಜವಾ, ಎಡಿಟ್ ಮಾಡಿದ್ದಾ?

ನಿಜ. ರೆಶೆನ್ ಘಾಟಿ ದಾಟಿದ ಕೂಡಲೇ ಬಲಕ್ಕೆ ಕಾಣುತ್ತದೆ. 14ನೇ ಶತಮಾನದ ಗಂಟೆ ಗೋಪುರ. ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ 1950ರಲ್ಲಿ ಗ್ರೌನ್ ಎಂಬ ಊರನ್ನು ಮುಳುಗಿಸಿದರು. ಮನೆಗಳನ್ನೆಲ್ಲ ಕೆಡವಿ ಗೋಪುರವೊಂದನ್ನು ಬಿಟ್ಟರು. ಈಗ ಪಕ್ಕದಲ್ಲಿ ದೊಡ್ಡ ಪಾರ್ಕಿಂಗ್, ಐಸ್‌ಕ್ರೀಂ, ಸೆಲ್ಫಿ.

ಹಾಸನದ ಶೆಟ್ಟಿಹಳ್ಳಿ ಚರ್ಚ್ ನೋಡಿದವರಿಗೆ, ಲಿಂಗನಮಕ್ಕಿಯಲ್ಲಿ ಊರು ಕಳೆದುಕೊಂಡ ನೆಂಟರು ಇರುವವರಿಗೆ ಅಲ್ಲಿ ಹೇಗನಿಸುತ್ತದೆ ಅಂತ ಬೇರೆ ಹೇಳಬೇಕಿಲ್ಲ. ನನ್ನ ಅಜ್ಜಿಯ ತವರು ಶರಾವತಿಯ ಹಿನ್ನೀರಿನ ಅಡಿಯಲ್ಲಿದೆ. ಅಮ್ಮ ಕಾರಿನಿಂದ ಇಳಿದು ನೋಡಿದರು. ಫೋಟೋ ಬೇಡ ಅಂದರು.

ಗ್ಲುರ್ನ್ಸ್‌ನಲ್ಲಿ ಸಾವಿರ ಜನವೂ ಇಲ್ಲವಂತೆ. ಮೂರು ರಾತ್ರಿ ಏನು ಮಾಡಿದಿರಿ?

ಮೊದಲ ದಿನ ಗೋಡೆ ನೋಡಿದೆವು. ಸುತ್ತಲೂ ಒಂದು ಕಡೆಯೂ ಬಿಟ್ಟುಹೋಗದ ಕೋಟೆ ಗೋಡೆ, ಮೂರು ಬಾಗಿಲು. 1499ರಲ್ಲಿ ಪಕ್ಕದ ಕಾಲ್ವೆನ್ ಎಂಬಲ್ಲಿ ಯುದ್ಧವಾಗಿ ಗೆದ್ದವರು ಊರಿಗೆ ಬೆಂಕಿ ಇಟ್ಟರು. ಆ ಪಾಠ ಕಲಿತು ನಂತರದ ಶತಮಾನದಲ್ಲಿ ಈ ಗೋಡೆ ಕಟ್ಟಿದರು. ಒಳಗೆ ತಲೆ ತಗ್ಗಿಸಿ ನಡೆಯಬೇಕಾದಷ್ಟು ಗಿಡ್ಡ ಕಮಾನುಗಳ ಮೊಗಸಾಲೆ. ಎರಡನೇ ದಿನ ಸ್ಟೆಲ್ವಿಯೋ. ಮೂರನೇ ದಿನ ಕಾಲುವೆ ಪಕ್ಕ ನಡಿಗೆ. ಈ ವಿನ್ಷ್‌ಗಾವ್ ಕಣಿವೆ ಆಲ್ಪ್ಸ್ ನಡುವೆ ಇದ್ದೂ ಮಳೆ ಕಡಿಮೆಯ ಜಾಗ. ಹಾಗಾಗಿ ನೂರಾರು ವರ್ಷದ ಹಿಂದೆಯೇ ಹಿಮ ಕರಗಿದ ನೀರನ್ನು ಬೆಟ್ಟದ ಅಂಚಿನಲ್ಲಿ ಸಣ್ಣ ಕಾಲುವೆ ತೋಡಿ ತೋಟಕ್ಕೆ ತಂದರು. ಇವನ್ನು ವಾಲ್ ಅಂತಾರೆ. ನೀರು ನೋಡಿಕೊಳ್ಳುವವನು ಓಡಾಡುತ್ತಿದ್ದ ಕಾಲುದಾರಿ ಇವತ್ತು ನಮಗೆ ನಡೆಯುವ ದಾರಿ. ಏರಿಳಿತ ಇಲ್ಲ, ಮೊಣಕಾಲು ನೋವಿದ್ದ ಅಮ್ಮನೂ ಒಂದೂವರೆ ಗಂಟೆ ನಡೆದರು. ನಮ್ಮ ಅಡಿಕೆ ತೋಟದ ಕಪ್ಪಿನ, ಅಂದರೆ ಸಾಲುಗಳ ನಡುವಿನ ಕಾಲುವೆಯ, ನೀರು ನೆನಪಾಯಿತಂತೆ. ಎರಡೂ ಕಡೆ ಸೇಬು.

ಇಟಲಿಗೆ ಹೋದೆವು ಅಂತೀರಿ, ಊರಿನ ಹೆಸರೆಲ್ಲ ಜರ್ಮನ್ ಯಾಕೆ?

ಇಟಲಿಯಲ್ಲಿ ನಾವು ಸುತ್ತಿದ ಈ ಭಾಗ, ದಕ್ಷಿಣ ಟಿರೋಲ್, ಮೊದಲನೇ ಮಹಾಯುದ್ಧದವರೆಗೆ ಆಸ್ಟ್ರಿಯಾದ್ದು. 1919ರ ಒಪ್ಪಂದದಲ್ಲಿ ಇಟಲಿಗೆ ಹೋಯಿತು. ಮುಸೊಲಿನಿ ಕಾಲದಲ್ಲಿ ಶಾಲೆಗಳಲ್ಲಿ ಜರ್ಮನ್ ನಿಲ್ಲಿಸಿದರು, ಪ್ರತಿ ಊರಿಗೂ ಇಟಾಲಿಯನ್ ಹೆಸರಿಟ್ಟರು. ಜನ ಮನೆಯ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಕದ್ದುಮುಚ್ಚಿ ಮಕ್ಕಳಿಗೆ ಜರ್ಮನ್ ಕಲಿಸಿದರು. 1972ರ ಸ್ವಾಯತ್ತತೆಯ ಕಾನೂನು ಬಂದ ಮೇಲೆ ಪರಿಸ್ಥಿತಿ ನೆಟ್ಟಗಾಯಿತು. ಈಗ ಎಲ್ಲ ಬೋರ್ಡಿನಲ್ಲೂ ಎರಡು ಹೆಸರು. ಗ್ಲುರ್ನ್ಸ್ ಅಂದರೆ ಗ್ಲೊರೆಂಜಾ, ಬ್ರಿಕ್ಸೆನ್ ಅಂದರೆ ಬ್ರೆಸ್ಸನೋನೆ. ಡೊಲೊಮೈಟ್ಸ್ ಎಂಬ ಬೆಟ್ಟಸಾಲಿನ ಕಣಿವೆಗೆ ಹೋದರೆ ಮೂರು, ಯಾಕೆಂದರೆ ಅಲ್ಲಿ ಲಾದಿನ್ ಅಂತ ಇನ್ನೊಂದು ನುಡಿ ಇದೆ. ಆಡುವವರು ಸುಮಾರು 30,000 ಜನ. ಆದರೂ ಶಾಲೆಯಲ್ಲಿದೆ, ರಸ್ತೆ ಫಲಕದಲ್ಲಿದೆ. ನನ್ನ ಹೆಂಡತಿ ಕೊಡಗಿನವಳು. ಆ ಮೂರು ಸಾಲಿನ ಬೋರ್ಡನ್ನು ಅವಳು ನನಗಿಂತ ಜಾಸ್ತಿ ಹೊತ್ತು ನೋಡಿದಳು.

ಜಿಪಿಎಸ್‌ನಲ್ಲಿ ಎರಡು ಹೆಸರನ್ನೂ ಬರೆದಿಟ್ಟುಕೊಳ್ಳಿ.

ಬ್ರಿಕ್ಸೆನ್‌ನಲ್ಲಿ ಆನೆ ಚಿತ್ರ ಯಾಕಿದೆ?

ನನಗೆ ಅತಿ ಇಷ್ಟದ ಪ್ರಶ್ನೆ! 1551ರಲ್ಲಿ ಪೋರ್ಚುಗಲ್ ರಾಜ ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್‌ಗೆ ಏಷ್ಯಾದ ಆನೆಯೊಂದನ್ನು ಉಡುಗೊರೆ ಕೊಟ್ಟ. ಅದರ ಹೆಸರು ಸುಲೇಮಾನ್. ಜಿನೋವಾದಿಂದ ನಡೆದುಕೊಂಡು ವಿಯೆನ್ನಾಗೆ ಹೊರಟ ಆನೆ, ಚಳಿಯಲ್ಲಿ ಬ್ರೆನ್ನರ್ ಘಾಟಿ ಹತ್ತುವ ಮುಂಚೆ ಬ್ರಿಕ್ಸೆನ್‌ನ ಒಂದು ಛತ್ರದಲ್ಲಿ ಎರಡು ವಾರ ತಂಗಿತು. ಸುತ್ತಲಿನ ಹಳ್ಳಿಯೆಲ್ಲ ನೋಡಲು ಬಂತು. ಛತ್ರದ ಯಜಮಾನ ಹೆಸರನ್ನೇ ಬದಲಿಸಿಬಿಟ್ಟ. ಇವತ್ತಿಗೂ ಅದು ಎಲೆಫೆಂಟ್ ಎಂಬ ಹೋಟೆಲ್, ಗೋಡೆಯ ಮೇಲೆ ಆನೆ.

ಅದಕ್ಕಿಂತ ಮಜಾ ಇರುವುದು ಕ್ಯಾಥೆಡ್ರಲ್ ಪಕ್ಕದ ಅಂಗಳದ ಕಮಾನುಗಳಲ್ಲಿ. ಅಲ್ಲಿ 15ನೇ ಶತಮಾನದ ಗೋಡೆಚಿತ್ರದಲ್ಲಿ ಇನ್ನೊಂದು ಆನೆ ಇದೆ. ಚಿತ್ರಗಾರ ಆನೆಯನ್ನು ಕಂಡೇ ಇರಲಿಲ್ಲ, ಕೇಳಿದ್ದನ್ನು ಬರೆದ. ಕುದುರೆಗೆ ಸೊಂಡಿಲು ಅಂಟಿಸಿದ ಹಾಗಿದೆ. ದಸರಾ ಆನೆ ನೋಡಿ ಬೆಳೆದ ಅಮ್ಮ ಅಲ್ಲಿ ನಕ್ಕ ನಗುವಿಗೆ ಪಕ್ಕದಲ್ಲಿದ್ದ ಕಾವಲುಗಾರ ತಿರುಗಿ ನೋಡಿದ.

ಬ್ರಿಕ್ಸೆನ್‌ನಿಂದ ಏನೇನು ನೋಡಬಹುದು?

ಕಾರು ಬಿಟ್ಟು ಓಡಾಡಿ. ದಕ್ಷಿಣ ಟಿರೋಲಿನ ಬಹಳಷ್ಟು ಹೋಟೆಲ್‌ಗಳು ಗೆಸ್ಟ್ ಪಾಸ್ ಕೊಡುತ್ತವೆ, ಅದರಲ್ಲಿ ಬಸ್ಸು, ರೈಲು ಪುಕ್ಕಟೆ. ರೈಲಿನಲ್ಲಿ ಅರ್ಧ ಗಂಟೆಗೆ ಬೋಟ್ಸೆನ್. ಅಲ್ಲಿನ ಮ್ಯೂಸಿಯಮ್ಮಿನಲ್ಲಿ 1991ರಲ್ಲಿ ಹಿಮದಲ್ಲಿ ಸಿಕ್ಕ ಓಟ್ಸಿ ಇದ್ದಾನೆ, 5,300 ವರ್ಷ ಹಳೆಯ ಮನುಷ್ಯ. ಸಣ್ಣ ಕಿಟಕಿಯಲ್ಲಿ ಇಣುಕಿ ನೋಡಬೇಕು. ಅವನಿಗಿಂತ ಅವನ ಹುಲ್ಲು ತುಂಬಿದ ಬೂಟು, ತಾಮ್ರದ ಕೊಡಲಿ ನನಗೆ ಹಿಡಿಸಿತು.

ಡೊಲೊಮೈಟ್ಸ್‌ಗೆ ಒಂದು ದಿನ ಕಾರು ತೆಗೆಯಿರಿ. ಸೆಲ್ಲಾ ಎಂಬ ಬಂಡೆಗುಡ್ಡದ ಸುತ್ತ ಗಾರ್ಡೆನಾ, ಕಾಂಪೊಲೊಂಗೊ, ಪೊರ್ದೊಯ್, ಸೆಲ್ಲಾ ಎಂಬ ನಾಲ್ಕು ಘಾಟಿಗಳು, ಒಂದು ಸುತ್ತು ಸುಮಾರು 55 ಕಿ.ಮೀ. ಪೊರ್ದೊಯ್‌ನಿಂದ ಕೇಬಲ್ ಕಾರು 2,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ನಡೆಯಲಾಗದವರಿಗೂ ಶಿಖರದ ನೋಟ ಸಿಗುತ್ತದೆ. ಸಂಜೆ ಬಿಸಿಲಿಗೆ ಆ ಬಿಳಿ ಬಂಡೆ ಕುಂಕುಮ ಬಣ್ಣಕ್ಕೆ ತಿರುಗುವುದಕ್ಕೆ ಲಾದಿನ್‌ನಲ್ಲಿ ಎನ್ರೊಸಾದಿರಾ ಅಂತಾರೆ. ಮೋಡ ಇದ್ದರೆ ಇಲ್ಲ. ನಮಗೆ ನಾಲ್ಕು ಸಂಜೆಯಲ್ಲಿ ಒಂದೇ ಸಂಜೆ ಸಿಕ್ಕಿತು.

ಸಸ್ಯಾಹಾರಿಗಳಿಗೆ ಊಟ?

ಸಿಗುತ್ತದೆ, ಆದರೆ ಕೇಳಿ ತಿನ್ನಿ. ಶ್ಲುಟ್ಸ್‌ಕ್ರಾಪ್‌ಫೆನ್ ಅಂತ ಕರ್ಜಿಕಾಯಿ ಆಕಾರದ ಕಡುಬು, ಒಳಗೆ ಪಾಲಕ್ ಮತ್ತು ಮೊಸರುಗಿಣ್ಣು, ಮೇಲೆ ಕರಗಿದ ಬೆಣ್ಣೆ. ಮೂವರಿಗೂ ಅದೇ ಗತಿ, ಅದೇ ಖುಷಿ. ಪಾಲಕ್ ಕ್ನೋಡೆಲ್ ಎಂಬ ಬೇಯಿಸಿದ ಉಂಡೆ ಕೂಡ ಚೆನ್ನಾಗಿದೆ, ಮೊಟ್ಟೆ ಇರುತ್ತದೆ. ಮೋಸ ಹೋಗುವುದು ಎರಡು ಕಡೆ. ಒಂದು ಶ್ಪೆಕ್, ಅಂದರೆ ಹೊಗೆ ಹಾಕಿದ ಹಂದಿ ಮಾಂಸದ ಚೂರು, ಸಲಾಡಿನಲ್ಲೂ ಕಾಣದ ಹಾಗೆ ಬರುತ್ತದೆ. ಎರಡು, ಸೂಪಿನ ನೀರು ದನದ ಮಾಂಸ ಬೇಯಿಸಿದ್ದು. "ಓನೆ ಫ್ಲೈಶ್, ಓನೆ ಶ್ಪೆಕ್" (ಮಾಂಸ ಇಲ್ಲದೆ, ಶ್ಪೆಕ್ ಇಲ್ಲದೆ) ಅನ್ನಿ, ಸೂಪಿನ ಬಗ್ಗೆ ಬೇರೆಯಾಗಿ ಕೇಳಿ.

ಅಡುಗೆಮನೆ ಮಧ್ಯಾಹ್ನ ಎರಡಕ್ಕೆ ಮುಚ್ಚಿ ಸಂಜೆ ಆರಕ್ಕೆ ತೆರೆಯುತ್ತದೆ. ಮೂರು ಗಂಟೆಗೆ ಹಸಿದವರಿಗೆ ಕೇಕೇ ಗತಿ. ಭಾನುವಾರ ಜರ್ಮನಿ, ಆಸ್ಟ್ರಿಯಾದಲ್ಲಿ ಸೂಪರ್ ಮಾರ್ಕೆಟ್ ಮುಚ್ಚಿರುತ್ತದೆ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಧಾರವಾಡ ಪೇಡ ಬೇಡ, ಹಾಲಿನ ಪದಾರ್ಥ ಅಲ್ಲಿಗೆ ಒಯ್ಯುವಂತಿಲ್ಲ. ಸಾಧ್ಯವಾದರೆ ಒಂದು ಕಡೆಯಾದರೂ ರೈತರ ಮನೆಯಲ್ಲಿ ಇರಿ. ನಮ್ಮ ಮಲೆನಾಡಿನ ಹೋಂಸ್ಟೇ ಥರವೇ, ಒಲೆಯೂ ಇರುತ್ತದೆ. ಗ್ಲುರ್ನ್ಸ್ ಹತ್ತಿರ ಅಂಥದ್ದೇ ಮನೆಯಲ್ಲಿ ಅಮ್ಮ ಉಪ್ಪಿಟ್ಟು ಮಾಡಿದರು. ಮನೆಯೊಡತಿ ಬಂದು ರುಚಿ ನೋಡಿ, ಬದಲಿಗೆ ಒಂದು ಬುಟ್ಟಿ ಪೇರ್ ಹಣ್ಣು ಕೊಟ್ಟು ಹೋದಳು.

ಪೆಟ್ರೋಲ್ ಹಾಕಿಸುವುದು?

ನೀವೇ ಹಾಕಿಕೊಳ್ಳಬೇಕು. ಇಟಲಿಯಲ್ಲಿ ಸೆರ್ವಿತೋ ಅಂತ ಬರೆದ ಸಾಲಿನಲ್ಲಿ ಆಳು ಹಾಕುತ್ತಾನೆ, ದರ ಜಾಸ್ತಿ. ಒಂದು ದೊಡ್ಡ ಗುಂಡಿ ಇದೆ. ಇಟಲಿಯಲ್ಲಿ ಗ್ಯಾಸೋಲಿಯೋ ಅಂದರೆ ಡೀಸೆಲ್. ಗ್ಯಾಸೋಲಿನ್ ಅಂದುಕೊಂಡು ಪೆಟ್ರೋಲ್ ಕಾರಿಗೆ ಹಾಕಿದರೆ ರಜೆ ಅಲ್ಲಿಗೆ ಮುಗಿಯಿತು. ಪೆಟ್ರೋಲಿಗೆ ಬೆಂಜಿನಾ.

ವಾಪಸ್ ಬರುವ ದಾರಿಯಲ್ಲಿ ತೊಂದರೆ?

ಬ್ರೆನ್ನರ್‌ನಲ್ಲಿ ಶನಿವಾರ ಬೇಡ. 2025ರಿಂದ ಅಲ್ಲಿ ಲ್ಯೂಗ್ ಸೇತುವೆ ಹೊಸದಾಗಿ ಕಟ್ಟುವ ಕೆಲಸ ನಡೆದಿದ್ದು ಸಂಚಾರ ಇಕ್ಕಟ್ಟು. ಹಳೇ ರಸ್ತೆಯಲ್ಲಿ ನುಸುಳೋಣ ಅಂದರೆ ರಜೆ ದಿನಗಳಲ್ಲಿ ಹಾದುಹೋಗುವ ಗಾಡಿಗಳಿಗೆ ಅಲ್ಲೂ ತಡೆ ಹಾಕುತ್ತಾರೆ. ನಾವು ಮಂಗಳವಾರ ಬೆಳಿಗ್ಗೆ ಬಂದೆವು, ಏನೂ ಆಗಲಿಲ್ಲ. ಹಾಲ್‌ನಲ್ಲಿ ಎರಡು ರಾತ್ರಿ ಇದ್ದುಕೊಂಡು ಇನ್ಸ್‌ಬ್ರುಕ್‌ಗೆ ರೈಲಿನಲ್ಲಿ ಹೋಗಿ ಬನ್ನಿ. ಉಪ್ಪು ಮತ್ತು ಬೆಳ್ಳಿ ನಾಣ್ಯದಿಂದ ಶ್ರೀಮಂತವಾದ ಊರು, ಈಗ ಯಾರೂ ಕೇಳುವವರಿಲ್ಲ. ಅದೇ ಅದರ ಅದೃಷ್ಟ. ಆಸ್ಟ್ರಿಯಾದಿಂದ ಜರ್ಮನಿಗೆ ಬರುವಾಗ ಪೊಲೀಸರು ನಿಲ್ಲಿಸಬಹುದು, ಪಾಸ್‌ಪೋರ್ಟ್ ಡಿಕ್ಕಿಯ ಪೆಟ್ಟಿಗೆಯಲ್ಲಿ ಇಡಬೇಡಿ.

ಫೈನ್ ಬಿದ್ದರೆ ಮನೆಗೆ ಬರುತ್ತಾ?

ಬರುತ್ತದೆ. ಇಟಲಿಯವರಿಗೆ ವಿದೇಶದವರ ಮೇಲೆ ನೋಟಿಸ್ ಕಳಿಸಲು 360 ದಿನ ಸಮಯ ಇದೆ. ಮೊದಲು ಕಾರು ಕೊಟ್ಟವರು ನಮ್ಮ ವಿಳಾಸ ತಿಳಿಸಿದ್ದಕ್ಕೆ ಕಾರ್ಡಿನಿಂದ ದುಡ್ಡು ಕತ್ತರಿಸಿದರು. ಫೈನ್ ಅದಲ್ಲ, ಬರೀ ಅವರ ಕೂಲಿ. ಐದು ತಿಂಗಳ ಮೇಲೆ ಅಂಚೆಯಣ್ಣ ಇಟಾಲಿಯನ್, ಜರ್ಮನ್ ಎರಡರಲ್ಲೂ ಅಚ್ಚಾದ ಲಕೋಟೆ ತಂದುಕೊಟ್ಟ. ಸೇಬಿನ ತೋಟದ ನಡುವಿನ ಊರಲ್ಲಿ 50 ಇದ್ದ ಕಡೆ ನಾನು 61ರಲ್ಲಿ ಹೋಗಿದ್ದೆ. ಐದು ದಿನದೊಳಗೆ ಕಟ್ಟಿದರೆ ರಿಯಾಯಿತಿ ಇತ್ತು, ಕಟ್ಟಿದೆ. ಅಮ್ಮ ಆ ಲಕೋಟೆಯ ಮೇಲಿನ ಸ್ಟಾಂಪು ಇದೆಯಾ ಅಂತ ಕೇಳಿದರು. ಇರಲಿಲ್ಲ, ಬರೀ ಮುದ್ರೆ.